ನಮ್ಮ ನೆಲದ ಎಣ್ಣೆ ತೆಗೆದರೆ ಡೀಸೆಲ್ ಅಗ್ಗವಾಗುತ್ತಾ?

ಪ್ರಶ್ನೆ (ಲಾರಿ ಮಾಲೀಕರು, ರಾಣೆಬೆನ್ನೂರು):

ನಮಸ್ಕಾರ ಮೇಡಂ. ನಮ್ಮದು ಎರಡು ಲಾರಿ. ಬ್ಯಾಡಗಿ ಮೆಣಸಿನಕಾಯಿ, ಮೆಕ್ಕೆಜೋಳ ತುಂಬಿಕೊಂಡು ಬೆಂಗಳೂರಿಗೆ ಓಡಿಸುತ್ತೇವೆ. ಡೀಸೆಲ್ ಏರಿದ ದಿನವೇ ನಮ್ಮ ಖರ್ಚು ಏರುತ್ತದೆ, ಬಾಡಿಗೆ ಮಾತ್ರ ಏರುವುದಿಲ್ಲ. ನಮ್ಮ ಸ್ಟ್ಯಾಂಡಿನಲ್ಲಿ ದಿನಾ ಇದೇ ವಾದ. ದೇಶದಲ್ಲೇ ಬೇಕಾದಷ್ಟು ಎಣ್ಣೆ ಇದೆ, ಸರ್ಕಾರ ತೆಗೆಯುತ್ತಿಲ್ಲ, ತೆಗೆದರೆ ಅರ್ಧ ರೇಟಿಗೆ ಸಿಗುತ್ತದೆ ಅಂತ ಕೆಲವರು. ಎಲ್ಲ ಟ್ಯಾಕ್ಸಿನಿಂದಲೇ ಅಂತ ಇನ್ನು ಕೆಲವರು. ನೀವು ಎಣ್ಣೆ ಹುಡುಕುವ ಕೆಲಸ ಮಾಡಿದವರು. ಯಾವುದು ನಿಜ?

ಉತ್ತರ (ಭೂವಿಜ್ಞಾನಿ, ತೈಲ ಶೋಧನೆ):

ಅಣ್ಣ, ಎಣ್ಣೆ ತೆಗೆಯಲೇಬೇಕು, ನಾನೂ ಅದರ ಪರವೇ. ಆದರೆ ತೆಗೆದರೆ ಬಂಕಿನಲ್ಲಿ ರೇಟು ಇಳಿಯುತ್ತದೆ ಅನ್ನುವುದು ಸುಳ್ಳು ಭರವಸೆ. ನಿಮ್ಮಂಥವರಿಗೆ ಅದನ್ನು ಯಾರು ಹೇಳಿದರೂ ನನಗೆ ಸಿಟ್ಟು ಬರುತ್ತದೆ.

ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಇಲ್ಲಿ ಸಿಗುವುದು ವರ್ಷಕ್ಕೆ 3 ಕೋಟಿ ಟನ್ನಿಗಿಂತ ಸ್ವಲ್ಪ ಕಡಿಮೆ. ಈ ಸ್ವದೇಶಿ ಎಣ್ಣೆ ಅಗ್ಗಕ್ಕೆ ಸಿಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಮುಂಬೈ ಆಚೆಯ ಸಮುದ್ರದ ಬಾಂಬೆ ಹೈ ನಿಕ್ಷೇಪದಲ್ಲಿ ತೆಗೆದ ಎಣ್ಣೆಯೂ ರಿಫೈನರಿಗೆ, ಅಂದರೆ ಪೆಟ್ರೋಲ್ ಡೀಸೆಲ್ ಮಾಡುವ ಕಾರ್ಖಾನೆಗೆ ಹೋಗುವುದು ಅಂತರರಾಷ್ಟ್ರೀಯ ಬೆಲೆಯ ಲೆಕ್ಕದಲ್ಲೇ. ಶಿರಸಿಯ ತೋಟದವರು ಸ್ವಂತ ಊರಿನ ವ್ಯಾಪಾರಿಗೂ ಅಡಿಕೆಯನ್ನು ಪೇಟೆ ಧಾರಣೆಗೇ ಕೊಡುತ್ತಾರೆ, ಅಲ್ವಾ? ಇದೂ ಹಾಗೇ.

2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಬೆಲೆ ಏರಿದಾಗ ನಮ್ಮ ತೈಲ ಕಂಪನಿಗಳ ಬಾವಿ ಬದಲಾಗಲಿಲ್ಲ, ತೆಗೆಯುವ ಖರ್ಚೂ ಹೆಚ್ಚೇನೂ ಬದಲಾಗಲಿಲ್ಲ. ಲಾಭ ಮಾತ್ರ ಏರಿತು. ಅದಕ್ಕೇ ಕೇಂದ್ರ ಸರ್ಕಾರ ಆ ವರ್ಷ ಜುಲೈನಲ್ಲಿ ಸ್ವದೇಶಿ ಕಚ್ಚಾ ತೈಲಕ್ಕೆ ಟನ್ನಿಗೆ 23,250 ರೂಪಾಯಿ ವಿಶೇಷ ತೆರಿಗೆ ಹಾಕಿತು. ಇಲ್ಲಿನ ಎಣ್ಣೆ ಅಗ್ಗಕ್ಕೆ ಮಾರಾಟವಾಗುತ್ತಿದ್ದರೆ ಈ ತೆರಿಗೆ ಹಾಕುವ ಮಾತೇ ಬರುತ್ತಿರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಆ ತೆರಿಗೆಯನ್ನು ರದ್ದು ಮಾಡಿದರು.

ಅಮೆರಿಕವನ್ನು ನೋಡಿ. ಜಗತ್ತಿನಲ್ಲಿ ಅತಿ ಹೆಚ್ಚು ಎಣ್ಣೆ ತೆಗೆಯುವ ದೇಶ ಅದು. ಆದರೂ 2022ರ ಜೂನ್‌ನಲ್ಲಿ ಅಲ್ಲಿ ಪೆಟ್ರೋಲಿನ ಸರಾಸರಿ ಬೆಲೆ ಮೊದಲ ಸಲ ಗ್ಯಾಲನ್ನಿಗೆ 5 ಡಾಲರ್ ದಾಟಿತು. ಅಷ್ಟು ಎಣ್ಣೆ ಇಟ್ಟುಕೊಂಡೂ ಅವರು ತಪ್ಪಿಸಿಕೊಳ್ಳಲು ಆಗಲಿಲ್ಲ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು):

ಮೇಡಂ, ಸರ್ಕಾರಿ ಕಂಪನಿಗಳಾದರೂ ನಮಗೆ ಕಡಿಮೆ ಬೆಲೆಗೆ ಕೊಡಬಹುದಲ್ಲ? ಆಮೇಲೆ, ರಾಜಸ್ಥಾನದಲ್ಲಿ ಸಿಕ್ಕಿತು, ಕಾಕಿನಾಡದಲ್ಲಿ ಸಿಕ್ಕಿತು ಅಂತ ಸುದ್ದಿ ಬರುತ್ತಲೇ ಇರುತ್ತದೆ. ಆ ಎಣ್ಣೆಯೆಲ್ಲ ಎಲ್ಲಿಗೆ ಹೋಯಿತು?

ಉತ್ತರ:

ಕಡಿಮೆ ಬೆಲೆಗೆ ಕೊಟ್ಟು ನೋಡಿದ್ದೂ ಆಗಿದೆ. 2002ರವರೆಗೆ ಬೆಲೆಯನ್ನು ಸರ್ಕಾರವೇ ನಿಗದಿ ಮಾಡುತ್ತಿತ್ತು. ಆಮೇಲೂ ಹತ್ತು ಹನ್ನೆರಡು ವರ್ಷ ಎಣ್ಣೆ ತೆಗೆಯುವ ಸರ್ಕಾರಿ ಕಂಪನಿಗಳಾದ ಓಎನ್‌ಜಿಸಿ, ಆಯಿಲ್ ಇಂಡಿಯಾ ರಿಫೈನರಿಗಳಿಗೆ ಭಾರೀ ರಿಯಾಯಿತಿ ಕೊಟ್ಟವು. ಸಾವಿರಾರು ಕೋಟಿ ರೂಪಾಯಿ ಹಾಗೆ ಹೋಯಿತು. ಅದು ಹೊಸ ಬಾವಿ ಕೊರೆಯಲು ಬಳಸಬಹುದಾಗಿದ್ದ ಹಣ. ನಮ್ಮ ಕೆಲಸದಲ್ಲಿ ಕೊರೆದ ಬಾವಿಗಳಲ್ಲಿ ಎಷ್ಟೋ ಬರಿದಾಗಿ ಹೋಗುತ್ತವೆ. ಆಳ ಸಮುದ್ರದಲ್ಲಿ ಒಂದು ಬಾವಿಗೇ ನೂರಾರು ಕೋಟಿ ಬೇಕು. ಹಣ ಇಲ್ಲ ಅಂದರೆ ಹುಡುಕಾಟವೂ ಇಲ್ಲ.

ಸಿಕ್ಕ ಎಣ್ಣೆ ಎಲ್ಲೂ ಮಾಯವಾಗಿಲ್ಲ. ಆದರೆ ಸಿಕ್ಕಿದ್ದಕ್ಕೂ ಹೊರಗೆ ಬರುವುದಕ್ಕೂ ನಡುವೆ ವರ್ಷಗಟ್ಟಲೆ ಇದೆ. ಬಾಂಬೆ ಹೈ ಸಿಕ್ಕಿದ್ದು 1974ರಲ್ಲಿ, ಎಣ್ಣೆ ಬಂದಿದ್ದು 1976ರಲ್ಲಿ. ಅದು ಕಡಿಮೆ ಆಳದ ಸಮುದ್ರ, ದೊಡ್ಡ ನಿಕ್ಷೇಪ, ಹಾಗಾಗಿ ಬೇಗ ಆಯಿತು. ರಾಜಸ್ಥಾನದ ಬಾರ್ಮೇರಿನ ಮಂಗಳಾ ನಿಕ್ಷೇಪ 2004ರಲ್ಲಿ ಸಿಕ್ಕಿ 2009ರಲ್ಲಿ ಉತ್ಪಾದನೆ ಶುರು ಮಾಡಿತು. ಆ ಎಣ್ಣೆಯಲ್ಲಿ ಮೇಣದ ಅಂಶ ಜಾಸ್ತಿ. ತಣ್ಣಗಾದರೆ ಪೈಪಿನೊಳಗೇ ಗಟ್ಟಿಯಾಗಿಬಿಡುತ್ತದೆ. ಹಾಗಾಗಿ ಗುಜರಾತ್ ಕರಾವಳಿಯವರೆಗೆ ನೂರಾರು ಕಿಲೋಮೀಟರ್ ಪೈಪ್‌ಲೈನನ್ನು ಉದ್ದಕ್ಕೂ ಬಿಸಿಯಾಗಿಯೇ ಇಡಬೇಕು. ಆ ಕೆಲಸದ ಬಗ್ಗೆ ಹೇಳುವಾಗ ನನಗೆ ಈಗಲೂ ಹೆಮ್ಮೆ.

ಇನ್ನು ಕಾಕಿನಾಡ. ಕೃಷ್ಣಾ ಗೋದಾವರಿ ಕಣಿವೆಯ ಆ ಆಳ ಸಮುದ್ರದ ಬ್ಲಾಕ್ (ಎಣ್ಣೆ ಹುಡುಕಲು ಗುರುತಿಸಿದ ಜಾಗ) ಓಎನ್‌ಜಿಸಿ ಕೈಗೆ ಬಂದದ್ದು 2005ರಲ್ಲಿ. ಮೊದಲ ಎಣ್ಣೆ ಹೊರಬಂದದ್ದು 2024ರ ಜನವರಿಯಲ್ಲಿ. ಪೂರ್ತಿ ಮಟ್ಟಕ್ಕೆ ಹೋದರೆ ದಿನಕ್ಕೆ 45,000 ಬ್ಯಾರೆಲ್ ಅನ್ನುವುದು ಗುರಿ. ದೊಡ್ಡ ಸಂಖ್ಯೆಯೇ. ಆದರೆ ದೇಶಕ್ಕೆ ದಿನಕ್ಕೆ ಬೇಕಾದದ್ದು 50 ಲಕ್ಷ ಬ್ಯಾರೆಲ್‌ಗಿಂತ ಜಾಸ್ತಿ. ಅಂದರೆ ಇದು ನೂರರಲ್ಲಿ ಒಂದು ಪಾಲೂ ಅಲ್ಲ.

ಹೊಸದು ಬರುವಷ್ಟರಲ್ಲಿ ಹಳೆಯದು ಇಳಿಯುತ್ತದೆ. ನೆಲದೊಳಗಿನ ಒತ್ತಡ ಕಡಿಮೆಯಾಗುತ್ತದೆ, ಎಣ್ಣೆಯ ಜೊತೆ ನೀರು ಬರುವುದು ಹೆಚ್ಚುತ್ತದೆ. ಆಗ ಮೇಲಿನಿಂದ ನೀರು, ಗ್ಯಾಸ್, ಪಾಲಿಮರ್ ತುಂಬಿಸಿ ಎಣ್ಣೆಯನ್ನು ಬಾವಿಯತ್ತ ತಳ್ಳಬೇಕು. 2011-12ರಲ್ಲಿ ದೇಶದ ಉತ್ಪಾದನೆ 3.8 ಕೋಟಿ ಟನ್ ಇತ್ತು. ಅಲ್ಲಿಂದ ಈಚೆಗೆ ಇಳಿದಿದ್ದು ಮುಖ್ಯವಾಗಿ ಇದೇ ಕಾರಣಕ್ಕೆ. ಯಾರೋ ಬೇಕಂತಲೇ ಬಾವಿ ಮುಚ್ಚಿದ್ದಾರೆ ಅನ್ನುವ ಮಾತನ್ನು ದಯವಿಟ್ಟು ಹರಡಬೇಡಿ. ಬಿಸಿಲು, ಉಪ್ಪುಗಾಳಿಯಲ್ಲಿ ರಿಗ್ ಮೇಲೆ ದುಡಿಯುವವರಿಗೆ ಅದು ಅವಮಾನ.

ಪ್ರಶ್ನೆ (ಕಲಬುರಗಿಯ ವಿದ್ಯಾರ್ಥಿ):

ಕರ್ನಾಟಕದಲ್ಲಿ ಯಾಕೆ ಕೊರೆಯಬಾರದು ಮೇಡಂ?

ಉತ್ತರ:

ಎಣ್ಣೆ ಹುಟ್ಟುವುದು ಹಳೆಯ ಸಮುದ್ರ, ಸರೋವರಗಳ ತಳದಲ್ಲಿ ಪದರ ಪದರವಾಗಿ ಕೂತ ಕೆಸರಿನಲ್ಲಿ. ನಮ್ಮ ರಾಜ್ಯದ ಬಹುಭಾಗ ಗ್ರಾನೈಟ್, ನೈಸ್ ಥರದ ಗಟ್ಟಿ ಕಲ್ಲು, 250 ಕೋಟಿ ವರ್ಷಕ್ಕೂ ಹಳೆಯದು. ಉತ್ತರದಲ್ಲಿ ದಖನ್ನಿನ ಲಾವಾ ಬಂಡೆ. ನಿಮ್ಮ ಕಡೆಯ ಭೀಮಾ ಕಣಿವೆ, ಬಾಗಲಕೋಟೆ ಕಡೆಯ ಕಲಾದಗಿ ಕಣಿವೆಯಲ್ಲಿ ಪದರ ಶಿಲೆ ಇದೆ. ಅವು ಕೂಡ ಬಹಳ ಹಳೆಯವು, ಹಾಗಾಗಿ ಎಣ್ಣೆಯ ಆಸೆ ಕಡಿಮೆ. ಕರಾವಳಿಯಾಚೆ ಕೇರಳ-ಕೊಂಕಣ ಸಮುದ್ರದಲ್ಲಿ ಕೊರೆದು ನೋಡಿದ್ದಾರೆ, ವ್ಯಾಪಾರಕ್ಕೆ ಆಗುವಷ್ಟು ಸಿಕ್ಕಿಲ್ಲ. ಓದುತ್ತಿದ್ದರೆ ಈ ವಿಷಯ ಹಿಡಿಯಿರಿ, ಮಾಡಲು ಕೆಲಸ ಬಹಳ ಇದೆ.

ಪ್ರಶ್ನೆ (ಮೈಸೂರಿನ ಸದಸ್ಯೆ):

ರೇಟು ಇಳಿಯುವುದಿಲ್ಲ ಅಂದಮೇಲೆ ಅಷ್ಟು ಹಣ ಸುರಿದು ಕೊರೆಯುವುದು ಯಾಕೆ? ಅಸ್ಸಾಮಿನಲ್ಲಿ ಬಾವಿಗೆ ಬೆಂಕಿ ಬಿದ್ದಿದ್ದನ್ನು ಟಿವಿಯಲ್ಲಿ ನೋಡಿದ್ದೆ.

ಉತ್ತರ:

ಇಲ್ಲಿ ತೆಗೆದ ಪ್ರತಿ ಬ್ಯಾರೆಲ್ಲಿಗೆ ಅಷ್ಟು ಡಾಲರ್ ಹೊರಗೆ ಹೋಗುವುದು ತಪ್ಪುತ್ತದೆ. ನೆಲದ ಮೇಲಿನ ಬಾವಿಯಾದರೆ ಆ ರಾಜ್ಯಕ್ಕೆ ರಾಯಧನ ಸಿಗುತ್ತದೆ. ಕೊಲ್ಲಿಯಲ್ಲಿ ಗಲಾಟೆಯಾಗಿ ಹಡಗು ನಿಂತರೆ ಕೈಯಲ್ಲಿ ಒಂದಿಷ್ಟಾದರೂ ಇರುತ್ತದೆ. ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆಯೊಳಗೆ ಗುಹೆ ಕೊರೆದು 40 ಲಕ್ಷ ಟನ್ ಕಚ್ಚಾ ತೈಲ ಇಡುವ ಜಾಗ ಮಾಡಿದ್ದೂ ಅದಕ್ಕೇ. 2020ರ ಏಪ್ರಿಲ್‌ನಲ್ಲಿ ಬೆಲೆ ಪಾತಾಳಕ್ಕೆ ಬಿದ್ದಾಗ ಈ ಗುಹೆಗಳನ್ನು ತುಂಬಿಸಿಕೊಂಡರು. ಅದು ಜಾಣ ಕೆಲಸ.

ಅಸ್ಸಾಮಿನ ಆ ಬಾವಿ ಬಾಘ್‌ಜಾನ್‌ನದು. 2020ರ ಮೇ 27ರಂದು ಗ್ಯಾಸ್ ಬಾವಿಯೊಂದು ಹಿಡಿತ ತಪ್ಪಿತು. ಜೂನ್ 9ಕ್ಕೆ ಬೆಂಕಿ ಹೊತ್ತಿತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು, ಸಾವಿರಾರು ಜನ ಮನೆ ಬಿಟ್ಟರು. ಪೂರ್ತಿ ಆರಿಸಲು ನವೆಂಬರ್ ಬೇಕಾಯಿತು. ಪಕ್ಕದಲ್ಲೇ ಡಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನ. ತಮಿಳುನಾಡಿನ ಕಾವೇರಿ ಮುಖಜ ಭೂಮಿಯಲ್ಲೂ ರೈತರು 2017ರಲ್ಲಿ ನೆಡುವಾಸಲ್‌ನಲ್ಲಿ ಕೊರೆಯುವುದರ ವಿರುದ್ಧ ಹೋರಾಡಿದರು. 2020ರಲ್ಲಿ ಅಲ್ಲಿನ ಸರ್ಕಾರ ಕಾನೂನು ಮಾಡಿ ಆ ಪ್ರದೇಶವನ್ನು ಸಂರಕ್ಷಿತ ಕೃಷಿ ವಲಯ ಅಂತ ಘೋಷಿಸಿತು. ಬಾವಿಯ ಪಕ್ಕ ಬದುಕುವವರನ್ನು ಕೇಳದೆ ಕೊರೆಯಬಾರದು. ಪೆಟ್ರೋಲ್ ಅಗ್ಗವಾಗುತ್ತದೆ ಅನ್ನುವ ನೆಪದಲ್ಲಿ ಅವರ ಬಾಯಿ ಮುಚ್ಚಿಸುವುದಂತೂ ಅನ್ಯಾಯ. ಆ ಅಗ್ಗ ಬರುವುದೇ ಇಲ್ಲವಲ್ಲ!

ಪ್ರಶ್ನೆ (ರಾಣೆಬೆನ್ನೂರಿನ ಲಾರಿ ಮಾಲೀಕರು, ಮತ್ತೆ):

ಹಾಗಾದರೆ ಟ್ಯಾಕ್ಸ್ ಅಂದವರೇ ಸರಿ ಅಂತಾಯಿತು. ಕೇಂದ್ರದ್ದಾ, ರಾಜ್ಯದ್ದಾ?

ಉತ್ತರ:

ಎರಡೂ ತೆರಿಗೆ ಇದೆ ಅಣ್ಣ. ಅದಕ್ಕೂ ಮೊದಲು ಬಂಕಿನ ರೇಟಿನಲ್ಲಿ ಜಗತ್ತಿನ ಬೆಲೆ ಮತ್ತು ಡಾಲರ್ ದರ ಸೇರಿರುತ್ತದೆ, ಅದು ನಮ್ಮ ಯಾರ ಕೈಯಲ್ಲೂ ಇಲ್ಲ. ತೆರಿಗೆ ಮಾತ್ರ ಸರ್ಕಾರಗಳ ಕೈಯಲ್ಲೇ ಇದೆ.

2020ರ ಮೇನಲ್ಲಿ ಕಚ್ಚಾ ತೈಲ ನೆಲಕಚ್ಚಿದ್ದಾಗ ಕೇಂದ್ರ ಎಕ್ಸೈಸ್ ಸುಂಕವನ್ನು ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ಏರಿಸಿತು. ಜನರಿಗೆ ಸಿಗಬೇಕಾದ ಇಳಿಕೆ ಸಿಗಲಿಲ್ಲ. 2021ರ ನವೆಂಬರ್, 2022ರ ಮೇನಲ್ಲಿ ಇಳಿಸಿದರು. 2025ರ ಏಪ್ರಿಲ್‌ನಲ್ಲಿ ಮತ್ತೆ 2 ರೂಪಾಯಿ ಏರಿಸಿದರು. ಬಂಕಿನ ರೇಟು ಏರಲಿಲ್ಲ ನಿಜ, ಆದರೆ ಆಗ ಕಚ್ಚಾ ತೈಲ ಇಳಿದಿತ್ತು. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಈ ಸುಂಕದಲ್ಲಿ ದೊಡ್ಡ ಪಾಲು ಸೆಸ್ ಮತ್ತು ವಿಶೇಷ ಸುಂಕದ ಹೆಸರಲ್ಲಿದೆ. ಅದರಲ್ಲಿ ರಾಜ್ಯಗಳಿಗೆ ಪಾಲಿಲ್ಲ.

ನಮ್ಮ ರಾಜ್ಯವೂ 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಡೀಸೆಲ್ ತೆರಿಗೆ ಶೇ 18.44 ಆಯಿತು, 2025ರ ಏಪ್ರಿಲ್‌ನಲ್ಲಿ ಶೇ 21.17. ತೆರಿಗೆ ಶೇಕಡಾ ಲೆಕ್ಕದಲ್ಲಿದ್ದರೆ ಮೂಲ ಬೆಲೆ ಏರಿದಾಗ ತೆರಿಗೆಯೂ ತಾನಾಗೇ ಏರುತ್ತದೆ. ರಸ್ತೆ, ಆಸ್ಪತ್ರೆ, ಯೋಜನೆಗಳಿಗೆ ಹಣ ಬೇಕು, ಒಪ್ಪೋಣ. ಎಷ್ಟು ಏರಿಸಿದೆವು, ಯಾತಕ್ಕೆ ಅಂತ ಇಬ್ಬರೂ ನೇರವಾಗಿ ಹೇಳಲಿ. ಕೇಳಿದಾಗಲೆಲ್ಲ ಎಣ್ಣೆ ಬಾವಿ ತೋರಿಸುವುದು ಉತ್ತರವಲ್ಲ.

ಪ್ರಶ್ನೆ (ಅವರೇ):

ಅವರು ಇಳಿಸುವವರೆಗೆ ನಾವು ಏನು ಮಾಡಬೇಕು ಮೇಡಂ?

ಉತ್ತರ:

ಬಾಡಿಗೆ ಮಾತಾಡುವಾಗ ಆ ದಿನದ ಡೀಸೆಲ್ ರೇಟನ್ನು ಕಾಗದದಲ್ಲಿ ಬರೆಸಿ. ರೇಟು ಏರಿದರೆ ಬಾಡಿಗೆ ಎಷ್ಟು ಏರಬೇಕು, ಇಳಿದರೆ ಎಷ್ಟು ಇಳಿಯಬೇಕು ಅಂತ ಅಲ್ಲೇ ಇರಲಿ. ದೊಡ್ಡ ಕಂಪನಿಗಳ ಸಾಗಣೆ ಒಪ್ಪಂದಗಳಲ್ಲಿ ಇದು ಮಾಮೂಲಿ. ಲೆಕ್ಕ ಸುಲಭ. ಲೀಟರಿಗೆ 5 ಕಿಲೋಮೀಟರ್ ಕೊಡುವ ಲಾರಿಗೆ ಡೀಸೆಲ್ 3 ರೂಪಾಯಿ ಏರಿದರೆ ಕಿಲೋಮೀಟರಿಗೆ 60 ಪೈಸೆ ಜಾಸ್ತಿ. ರಾಣೆಬೆನ್ನೂರಿನಿಂದ ಬೆಂಗಳೂರಿಗೆ ಹೋಗಿ ಬರಲು ಸುಮಾರು 600 ಕಿಲೋಮೀಟರ್, ಅಂದರೆ ಒಂದು ಟ್ರಿಪ್ಪಿಗೆ 360 ರೂಪಾಯಿ. ಈ ಲೆಕ್ಕ ಬರೆದು ಮಂಡಿಯವರ ಮುಂದೆ ಇಡಿ. ಒಬ್ಬರೇ ಹೋಗಬೇಡಿ, ಸ್ಟ್ಯಾಂಡಿನವರೆಲ್ಲ ಒಟ್ಟಾಗಿ ಹೋಗಿ.