ಕಾರ್ಕ್ ಕೌಂಟಿಯ ಸಲಿವನ್ ಕುಟುಂಬ: ಐರ್ಲೆಂಡಿನ ಕಡೆ ಏನೂ ಸಿಗುತ್ತಿಲ್ಲ, ಯಾರಾದರೂ ದಾರಿ ತೋರಿಸಿ

ಕಾವೇರಿತೀರ:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನಮ್ಮ ಯಜಮಾನರ ಮುತ್ತಜ್ಜ ಐರ್ಲೆಂಡಿನಿಂದ ಅಮೆರಿಕಕ್ಕೆ ಬಂದವರು. ಹೆಸರು ಜೆರಮಯಾ ಸಲಿವನ್, ಕಾರ್ಕ್ ಕೌಂಟಿ. ಅಮೆರಿಕದ ಕಾಗದಪತ್ರ ಬೇಕಾದಷ್ಟಿದೆ. ಐರ್ಲೆಂಡಿನ ಕಡೆ ಮಾತ್ರ ಸೊನ್ನೆ. ಐರಿಷ್ ಸರ್ಕಾರದ ವಂಶಾವಳಿ ವೆಬ್‌ಸೈಟಿನಲ್ಲಿ ಹುಡುಕಿದರೆ ರಾಶಿ ರಾಶಿ ಜೆರಮಯಾಗಳು ಬರುತ್ತಾರೆ, ನಮ್ಮವರು ಯಾರು ಅಂತ ಗೊತ್ತಾಗುವುದಿಲ್ಲ. ದುಡ್ಡು ಕೊಟ್ಟು ಒಬ್ಬರ ಕೈಲಿ ಹುಡುಕಿಸಿದೆವು. 'ಕಾರ್ಕ್ ಡಯಾಸಿಸ್ ರಿಜಿಸ್ಟರುಗಳಲ್ಲಿ ಇಲ್ಲ' ಅಂತ ಒಂದೇ ಸಾಲು ಬರೆದು ಕಳಿಸಿದರು. ಡಯಾಸಿಸ್ ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಚರ್ಚುಗಳ ವ್ಯಾಪ್ತಿಯಂತೆ. ಅತ್ತೆಗೆ ಎಂಬತ್ತು ದಾಟಿದೆ. ಅವರ ಅಜ್ಜನ ಊರು ಯಾವುದು ಅಂತ ಅವರಿಗೆ ಹೇಳಲೇಬೇಕು.

ಹಳೇಕಡತ:
ಮೇಡಂ, ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ. 1922ರ ಜೂನ್ 30ರಂದು, ಅಂತರ್ಯುದ್ಧದ ಹೊತ್ತಿನಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ದಾಖಲೆ ಕಚೇರಿ ಸುಟ್ಟುಹೋಯಿತು. ಹತ್ತೊಂಬತ್ತನೇ ಶತಮಾನದ ಜನಗಣತಿ ಎಲ್ಲಾ ಬೂದಿ. ಐರಿಷ್ ಮನೆತನ ಹುಡುಕುವವರೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಗೋಡೆಯ ಮುಂದೆಯೇ.

ಜೀನ್‌ಹಾದಿ:
ಡಿಎನ್‌ಎ ಮಾಡಿಸಿ. ಅತ್ತೆಯವರ ಎಂಜಲು ಸ್ಯಾಂಪಲ್ ಮೊದಲು ಕಳಿಸಿ, ಅವರು ಒಂದು ತಲೆಮಾರು ಹತ್ತಿರ. ಬೇರೆ ಯಾವ ದಾರಿಯೂ ಬೇಡ.

ತುಂಗಾ_ಡಬ್ಲಿನ್:
ಸ್ವಲ್ಪ ತಡೆಯಿರಿ. ಕಾವೇರಿ ಅವರೇ, ಯಾವ ಚರ್ಚಿನವರು? ಹುಟ್ಟಿದ ವರ್ಷ? ಅಮೆರಿಕದಲ್ಲಿ ಯಾವ ಊರು? ಹೆಂಡತಿಯ ತವರಿನ ಹೆಸರು?

ಕಾವೇರಿತೀರ:
ಕ್ಯಾಥೊಲಿಕ್. 1900ರ ಅಮೆರಿಕ ಜನಗಣತಿ ಪ್ರಕಾರ ಹುಟ್ಟಿದ್ದು ಮಾರ್ಚ್ 1866, ಬಂದದ್ದು 1886. ಪೌರತ್ವದ ಕಾಗದವೂ ಇದೆ. ಅದರಲ್ಲಿ 'ಐರ್ಲೆಂಡ್' ಅಂತ ಬಿಟ್ಟರೆ ಊರೇ ಇಲ್ಲ! ಇಂಥ ಕಾಗದದಿಂದ ಏನು ಪ್ರಯೋಜನ?

ತುಂಗಾ_ಡಬ್ಲಿನ್:
1906ರ ಸೆಪ್ಟೆಂಬರಿಗಿಂತ ಮುಂಚಿನ ಪೌರತ್ವ ಕಾಗದಗಳು ಹೆಚ್ಚಾಗಿ ಹಾಗೇ ಇರುತ್ತವೆ. ಉಳಿದ ಎರಡು ಪ್ರಶ್ನೆಗೆ ಉತ್ತರ ಬರಲಿಲ್ಲ.

ಹಳೇಕಡತ:
1866 ಅಂದರೆ 1871ರ ಜನಗಣತಿಯಲ್ಲಿ ಇರಬೇಕಿತ್ತು. ಅದೂ ಆ ಬೆಂಕಿಯಲ್ಲೇ ಹೋಯಿತು. ನಾನು ಹೇಳಿದ್ದು ಇದನ್ನೇ.

ಸಾಗರದ_ಭಟ್:
ತಪ್ಪು. 1861 ಮತ್ತು 1871ರ ಜನಗಣತಿಯನ್ನು ಸರ್ಕಾರವೇ ಬಹಳ ಮೊದಲೇ ನಾಶ ಮಾಡಿಸಿತ್ತು. 1881, 1891ರದ್ದು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದವಾಯಿತು. ಬೆಂಕಿಗೆ ಹೋದದ್ದು 1821ರಿಂದ 1851ರವರೆಗಿನದು, ಅದರಲ್ಲೂ ಚೂರುಪಾರು ಉಳಿದಿದೆ. ಕ್ಯಾಥೊಲಿಕ್ ಚರ್ಚುಗಳ ರಿಜಿಸ್ಟರ್ ಆ ಕಟ್ಟಡದಲ್ಲಿ ಇರಲೇ ಇಲ್ಲ, ಆಯಾ ಊರಿನ ಚರ್ಚಿನಲ್ಲೇ ಇದ್ದವು. 1864ರಿಂದ ಎಲ್ಲರ ಜನನ, ಮರಣ, ಮದುವೆ ನೋಂದಣಿ ಶುರುವಾಯಿತು. ಆ ಪುಸ್ತಕಗಳೂ ಉಳಿದಿವೆ.

ಹಳೇಕಡತ:
ಯಾವ ರೀತಿ ಹೋದರೇನು, ಹೋದದ್ದು ಹೋದದ್ದೇ ಅಲ್ವಾ?

ಸಾಗರದ_ಭಟ್:
ಅಲ್ಲ. ಬೆಂಕಿ ಬೆಂಕಿ ಅಂತ ಹೇಳಿ ಎಷ್ಟೋ ಜನ ಹುಡುಕುವುದನ್ನೇ ಬಿಟ್ಟಿದ್ದಾರೆ. ಅದಕ್ಕೇ ನನಗೆ ಬೇಜಾರು.

ಪ್ರವಾಸಿ_ಗುರು:
ನ್ಯೂಯಾರ್ಕಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ಐಲೆಂಡಿನಲ್ಲಿ ಅಧಿಕಾರಿಗಳು ಹೆಸರು ಬದಲಾಯಿಸಿರುತ್ತಾರೆ. ಒ'ಸಲಿವನ್ ಅಂತ ಹುಡುಕಿ ನೋಡಿ.

ಸಾಗರದ_ಭಟ್:
ಎಲ್ಲಿಸ್ ಐಲೆಂಡ್ ತೆರೆದದ್ದು 1892ರ ಜನವರಿ 1ಕ್ಕೆ. ಇವರು ಬಂದದ್ದು 1886. ನ್ಯೂಯಾರ್ಕಿಗೆ ಬಂದಿದ್ದರೆ ಅದಕ್ಕೂ ಮುಂಚಿನ ವಲಸೆ ಕೇಂದ್ರವಾದ ಕ್ಯಾಸಲ್ ಗಾರ್ಡನ್‌ನಲ್ಲಿ ಇಳಿದಿರಬೇಕು. ಅಧಿಕಾರಿಗಳು ಹೆಸರು ಬದಲಾಯಿಸುತ್ತಿರಲಿಲ್ಲ, ಹಡಗಿನ ಪಟ್ಟಿಗೆ ತಾಳೆ ನೋಡುತ್ತಿದ್ದರು. ಆ ಪಟ್ಟಿ ಬರೆಯುತ್ತಿದ್ದದ್ದು ಹಡಗು ಕಂಪನಿಯವರು.

ಕಾವೇರಿತೀರ:
ದಯವಿಟ್ಟು ಜಗಳ ಬೇಡ. ತುಂಗಾ ಅವರೇ, ಹೆಂಡತಿ ಹ್ಯಾರಿಂಗ್ಟನ್ ಮನೆಯವರು. ಇದ್ದದ್ದು ಮೊಂಟಾನಾದ ಬ್ಯೂಟ್‌ನಲ್ಲಿ, ತಾಮ್ರದ ಗಣಿಯಲ್ಲಿ ಕೆಲಸ. ನನಗೆ ಬೇಕಿರುವುದು ಐರ್ಲೆಂಡಿನ ವಿಷಯ. ಅದಕ್ಕೂ ಇದಕ್ಕೂ ಏನು ಸಂಬಂಧ?

ತುಂಗಾ_ಡಬ್ಲಿನ್:
ಸಂಬಂಧ ಇರುವುದೇ ಅಲ್ಲಿ! ಸಲಿವನ್, ಹ್ಯಾರಿಂಗ್ಟನ್, ಬ್ಯೂಟ್, ತಾಮ್ರ. ಈ ನಾಲ್ಕೂ ಒಟ್ಟಿಗೆ ಬಂದರೆ ನಾನು ಮೊದಲು ನೋಡುವುದು ಬೇರಾ ಪರ್ಯಾಯ ದ್ವೀಪವನ್ನು. ಕಾರ್ಕ್ ಕೌಂಟಿಯ ಪಶ್ಚಿಮ ತುದಿ. ಅಲ್ಲಿನ ಅಲಿಹೀಸ್‌ನಲ್ಲಿ 1812ರ ಸುಮಾರಿಗೆ ಪಕ್ಸ್‌ಲಿ ಮನೆತನದವರು ತಾಮ್ರದ ಗಣಿ ತೆರೆದರು. 1880ರ ದಶಕದಲ್ಲಿ ಕೆಲಸ ನಿಂತಿತು. ಅದೇ ಹೊತ್ತಿಗೆ ಬ್ಯೂಟ್‌ನಲ್ಲಿ ಕ್ಯಾವನ್ ಕೌಂಟಿಯಿಂದ ಬಂದ ಮಾರ್ಕಸ್ ಡೇಲಿ ಅನಕೊಂಡಾ ಗಣಿ ಬೆಳೆಸುತ್ತಿದ್ದ. ಗಣಿ ಕೆಲಸ ಗೊತ್ತಿದ್ದ ಬೇರಾದ ಹುಡುಗರು ಒಬ್ಬರ ಹಿಂದೆ ಒಬ್ಬರು ಅಲ್ಲಿಗೆ ಹೋದರು.

ಈಗ ಮುಖ್ಯ ವಿಷಯ. ಬೇರಾ ಇರುವುದು ಕಾರ್ಕ್ ಕೌಂಟಿಯಲ್ಲಿ. ಆದರೆ ಕ್ಯಾಥೊಲಿಕ್ ಚರ್ಚಿನ ಲೆಕ್ಕದಲ್ಲಿ ಅದು ಕೆರಿ ಡಯಾಸಿಸ್‌ಗೆ ಸೇರುತ್ತದೆ. ಕಾರ್ಕ್ ಡಯಾಸಿಸ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅದೇ ವೆಬ್‌ಸೈಟಿನ ಚರ್ಚ್ ದಾಖಲೆಯಲ್ಲಿ ಕೆರಿ ಆರಿಸಿ, ಅದರೊಳಗಿನ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರುಗಳು) ಪಟ್ಟಿಯಲ್ಲಿ ಅಲಿಹೀಸ್, ಐರೀಸ್, ಕ್ಯಾಸಲ್‌ಟೌನ್‌ಬೇರ್ ಪ್ಯಾರಿಷ್‌ಗಳನ್ನು ನೋಡಿ. ವಯಸ್ಸನ್ನು ನಂಬಬೇಡಿ, ಹಿಂದೆ ಮುಂದೆ ಐದು ವರ್ಷ ಬಿಟ್ಟು ಹುಡುಕಿ. ಜೆರಮಯಾ ಜಾಗದಲ್ಲಿ ಡಾರ್ಬಿ ಅಂತಲೂ ಇರಬಹುದು.

ಜೀನ್‌ಹಾದಿ:
ಡಿಎನ್‌ಎ ಮಾಡಿಸಿದ್ದರೆ ಇಷ್ಟೆಲ್ಲಾ ಬೇಕಿರಲಿಲ್ಲ.

ತುಂಗಾ_ಡಬ್ಲಿನ್:
ಬೇರಾದಲ್ಲಿ ಅವೇ ಕೆಲವು ಮನೆತನಗಳು ತಲೆಮಾರುಗಟ್ಟಲೆ ತಮ್ಮತಮ್ಮಲ್ಲೇ ಮದುವೆಯಾಗಿವೆ. ದೂರದ ನೆಂಟರೂ ಡಿಎನ್‌ಎಯಲ್ಲಿ ಹತ್ತಿರದವರ ಹಾಗೆ ಕಾಣುತ್ತಾರೆ. ಕಾಗದ ಮೊದಲು, ಡಿಎನ್‌ಎ ಆಮೇಲೆ.

ಪ್ರವಾಸಿ_ಗುರು:
ಇಷ್ಟೆಲ್ಲಾ ಮಾಹಿತಿ ಎಲ್ಲಿ ಇಡುತ್ತೀರಿ? ನಾನು ಗ್ರಾಂಪ್ಸ್ ಅನ್ನುವ ವಂಶವೃಕ್ಷದ ಸಾಫ್ಟ್‌ವೇರ್ ಬಳಸುತ್ತೇನೆ, ಉಚಿತ. ಎರಡು ಮಾನಿಟರ್: ಒಂದರಲ್ಲಿ ವಂಶವೃಕ್ಷ, ಇನ್ನೊಂದರಲ್ಲಿ ರಿಜಿಸ್ಟರ್ ಚಿತ್ರ. ತಾತನ ಕಾಲದ ಪತ್ರಗಳಿಗೆ ಹೊಸ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ತಂದಿದ್ದೇನೆ, 600 ಡಿಪಿಐ. ಬ್ಯಾಕಪ್‌ಗೆ ಬೇರೆ ಹಾರ್ಡ್ ಡಿಸ್ಕ್.

ಕಂಟೋನ್ಮೆಂಟ್_ಮನೆ:
ನಮ್ಮ ಅಜ್ಜಿಯ ಕಡೆ ಒಬ್ಬ ಐರಿಷ್ ಸಿಪಾಯಿ ಇದ್ದ, ಬೆಂಗಳೂರು ಕಂಟೋನ್ಮೆಂಟಿನಲ್ಲಿ. ಮದ್ರಾಸ್ ಪ್ರಾಂತ್ಯದ ಚರ್ಚ್ ದಾಖಲೆ ಬ್ರಿಟಿಷ್ ಲೈಬ್ರರಿಯ ಎನ್/2 ಸರಣಿಯಲ್ಲಿದೆ, ಮದುವೆ ಅಲ್ಲೇ ಸಿಕ್ಕಿತು. ಅವನ ಹುಟ್ಟೂರು ಹುಡುಕಲು ಯಾರಾದರೂ ಸಹಾಯ ಮಾಡುತ್ತೀರಾ?

ಸಾಗರದ_ಭಟ್:
ಬೇರೆ ಚರ್ಚೆ ತೆರೆಯಿರಿ, ಖಂಡಿತ ಬರುತ್ತೇನೆ. ಸೇನೆಗೆ ಸೇರುವಾಗ ಬರೆಸಿದ ದಾಖಲೆಯಲ್ಲಿ ಹುಟ್ಟಿದ ಪ್ಯಾರಿಷ್ ಇರುವ ಸಾಧ್ಯತೆ ಜಾಸ್ತಿ.

ಕಾವೇರಿತೀರ:
ಕೆರಿ ಆರಿಸಿದ ತಕ್ಷಣ ಬಂತು! ಆದರೆ ಇಬ್ಬರು ಜೆರಮಯಾ ಇದ್ದಾರೆ. ಒಬ್ಬ ಅಲಿಹೀಸ್, ತಂದೆ ಮೈಕಲ್, ತಾಯಿ ಹೊನೋರಾ ಶೇ. ಇನ್ನೊಬ್ಬ ಐರೀಸ್, ತಂದೆ ಡೇನಿಯಲ್. ಅಲಿಹೀಸ್‌ನವನ ಜನನ ನೋಂದಣಿಯೂ ಸಿಕ್ಕಿತು. ಅದರಲ್ಲಿ ಹುಟ್ಟಿದ ದಿನ ನಾಮಕರಣ ಆದ ಮೇಲಿನದು. ಹುಟ್ಟುವ ಮೊದಲೇ ನಾಮಕರಣ ಹೇಗೆ? ಬೇರೆ ಮಗು ಇರಬೇಕು ಅಲ್ವಾ?

ತುಂಗಾ_ಡಬ್ಲಿನ್:
ಅದೇ ಮಗು ಇರಬಹುದು. ತಡವಾಗಿ ನೋಂದಾಯಿಸಿದರೆ ದಂಡ ಇತ್ತು, ಅದಕ್ಕೆ ದಿನಾಂಕ ಮುಂದೆ ಹಾಕಿ ಹೇಳುತ್ತಿದ್ದರು. ಚರ್ಚಿನ ದಿನಾಂಕವನ್ನೇ ನಂಬಿ. ಬ್ಯೂಟ್‌ನಲ್ಲಿ ಮೊದಲ ಮಗನಿಗೆ ಏನು ಹೆಸರಿಟ್ಟರು? ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ರೂಢಿ ಅವರಲ್ಲಿತ್ತು. ಅದೊಂದೇ ಸಾಕಾಗುವುದಿಲ್ಲ. ಮರಣ ಪತ್ರದಲ್ಲಿ ತಂದೆತಾಯಿ ಹೆಸರು ಇದೆಯಾ ನೋಡಿ.

ಕಾವೇರಿತೀರ:
ಮೊದಲ ಮಗ ಮೈಕಲ್! ಮರಣ ಪತ್ರ ಅತ್ತೆಯ ಪೆಟ್ಟಿಗೆಯಲ್ಲೇ ಇತ್ತು. ತಾಯಿ 'ನೋರಾ ಶೇ' ಅಂತ ಬರೆದಿದೆ.

ತುಂಗಾ_ಡಬ್ಲಿನ್:
ನೋರಾ ಅಂದರೆ ಹೊನೋರಾನೇ. ಅಲಿಹೀಸ್‌ನವರೇ ನಿಮ್ಮವರು ಅನ್ನಲು ಈಗ ಗಟ್ಟಿ ಆಧಾರ ಇದೆ. ನಾಮಕರಣದ ಸಾಲಿನಲ್ಲಿ ಹಳ್ಳಿಯ ಹೆಸರಿದ್ದರೆ ಇಲ್ಲಿ ಹಾಕಿ.

ಕಾವೇರಿತೀರ:
ಬ್ಯಾಲಿಡೊನೆಗನ್ ಅಂತ ಓದಿದೆ. ಅತ್ತೆಗೆ ಫೋನ್ ಮಾಡಿ ಹೇಳಿದೆ, ಅವರಿಗೆ ಮಾತೇ ಹೊರಡಲಿಲ್ಲ. ಈಗ ಅವರ ಪ್ರಶ್ನೆ: ಆ ಮನೆ, ಜಮೀನು ಆಮೇಲೆ ಯಾರ ಪಾಲಾಯಿತು?

ತುಂಗಾ_ಡಬ್ಲಿನ್:
ಮೊದಲು 1901ರ ಜನಗಣತಿಯಲ್ಲಿ ಆ ಹಳ್ಳಿಯ ಎಲ್ಲಾ ಮನೆಗಳನ್ನೂ ನೋಡಿ. ಅದು ಪೂರ್ತಿ ಉಳಿದಿದೆ, ಉಚಿತ. ಸಲಿವನ್ ಮನೆಗಳು ಹಲವು ಬರುತ್ತವೆ, ಹೊನೋರಾ ಹೆಸರಿನ ವಯಸ್ಸಾದ ಹೆಂಗಸು ಇರುವ ಮನೆ ಗುರುತು ಮಾಡಿಕೊಳ್ಳಿ. ಆಮೇಲೆ ಗ್ರಿಫಿತ್ ಮೌಲ್ಯಮಾಪನದ (ತೆರಿಗೆಗಾಗಿ ಮನೆ, ಜಮೀನಿನ ಬೆಲೆ ಕಟ್ಟಿದ ಹತ್ತೊಂಬತ್ತನೇ ಶತಮಾನದ ಸರ್ಕಾರಿ ಪಟ್ಟಿ) ನಂತರದ ತಿದ್ದುಪಡಿ ಪುಸ್ತಕಗಳಿವೆ. ನಮ್ಮ ಪಹಣಿಯಲ್ಲಿ ಖಾತೆ ಬದಲಾದ ಹಾಗೆ, ಹಳೆಯ ಹೆಸರನ್ನು ಬಣ್ಣದ ಶಾಯಿಯಲ್ಲಿ ಹೊಡೆದು ಹೊಸ ಹೆಸರು ಬರೆದಿರುತ್ತಾರೆ. ಪುಸ್ತಕ ಇರುವುದು ಡಬ್ಲಿನ್ನಿನಲ್ಲಿ. ಮನೆ ನಂಬರ್ ಸಿಕ್ಕರೆ ಇಲ್ಲಿ ಹಾಕಿ, ರಜೆ ದಿನ ನಾನೇ ಹೋಗಿ ಆ ಪುಟ ತೆಗೆಸಿ ನೋಡುತ್ತೇನೆ.