ಅಪ್ಪನ ಪಂಚೆ ಮೇಲೆ ಬದನೆಕಾಯಿ

ಅತ್ತೆ, ನಿನ್ನೆಯ ಫೋಟೋ ನೋಡಿ ‘ಅಣ್ಣನ ಬಿಳಿ ಪಂಚೆ ಮೇಲೆ ಅದೇನೇ ಬಿದ್ದಿರೋದು, ಕೈಗೆ ಯಾಕೆ ಒದ್ದೆ ಬಟ್ಟೆ’ ಅಂತ ಕೇಳಿದ್ದೀರಲ್ಲ, ಟೈಪ್ ಮಾಡುತ್ತಾ ಕೂತರೆ ಮುಗಿಯುವ ವಿಷಯವಲ್ಲ, ಬಾಯಲ್ಲೇ ಹೇಳುತ್ತೇನೆ. ಅಪ್ಪ ಆರಾಮಾಗಿದ್ದಾರೆ, ಗಾಬರಿ ಬೇಡ. ಪಂಚೆ ಮೇಲಿರುವುದು ಬದನೆಕಾಯಿ.

ಜುಲೈ 4 ಇಲ್ಲಿಯವರ ಸ್ವಾತಂತ್ರ್ಯ ದಿನ ಅಲ್ವಾ? ಡಾಲಸ್‌ನಲ್ಲಿ ಸಂಜೆಯಾದರೆ ಬೀದಿಯ ಹಿತ್ತಲುಗಳಲ್ಲೆಲ್ಲ ಗ್ರಿಲ್ ಹೊಗೆ. ನಮ್ಮದು ಇದ್ದಿಲಿನ ಗ್ರಿಲ್. ಮಕ್ಕಳಿಗೆ ಮುಸುಕಿನ ಜೋಳ, ಪನೀರ್ ಸುಡುತ್ತಿದ್ದೆವು. ಅಪ್ಪನಿಗೆ ಕೆಂಡ ಕಂಡಕೂಡಲೇ ಹಾಸನದ ಮನೆಯ ಬಚ್ಚಲ ಒಲೆ ನೆನಪಾಯಿತು. ನೀರು ಕಾದ ಮೇಲೆ ಅಜ್ಜಿ ಅದೇ ಕೆಂಡದಲ್ಲಿ ಬದನೆಕಾಯಿ ಹುದುಗಿಸಿಡುತ್ತಿದ್ದರಲ್ಲ, ಆ ಮೊಸರುಬಜ್ಜಿ ಬೇಕು ಅಂದರು.

ಇಲ್ಲಿ ಸಿಗುವ ಬದನೆಕಾಯಿ ಒಂದೊಂದೂ ಹತ್ತಿರ ಹತ್ತಿರ ಅರ್ಧ ಕೆಜಿ. ಎಣ್ಣೆ ಸವರಿ ಎರಡನ್ನು ಇಟ್ಟು ಮುಚ್ಚಳ ಹಾಕಿದರು. ಸುಡುವ ಮೊದಲು ಬದನೆಕಾಯಿಗೆ ತೂತು ಚುಚ್ಚಬೇಕಲ್ಲ, ಅದನ್ನು ಮೊಮ್ಮಗ ಚುಚ್ಚಿದ್ದಾನೆ ಅಂತ ಅಪ್ಪ, ತಾತ ಚುಚ್ಚಿದ್ದಾರೆ ಅಂತ ಅವನು ಅಂದುಕೊಂಡಿದ್ದರು. ಯಾರೂ ಚುಚ್ಚಿರಲಿಲ್ಲ. ನಾನು ಒಳಗೆ ಈರುಳ್ಳಿ ಹೆಚ್ಚುತ್ತಿದ್ದೆ.

ಇಪ್ಪತ್ತು ನಿಮಿಷ ಆಗಿರಬೇಕು. ಅಪ್ಪ ಮುಚ್ಚಳ ತೆಗೆದು, ಬೆಂದಿದೆಯಾ ನೋಡೋಣ ಅಂತ ಇಕ್ಕಳದಲ್ಲಿ ಮೆಲ್ಲಗೆ ಒತ್ತಿದರು. ಢಂ! ನಾನು ಓಡಿ ಬಂದು ನೋಡಿದರೆ ಕನ್ನಡಕದ ಎರಡೂ ಗಾಜಿಗೆ ತಿರುಳು ಮೆತ್ತಿಕೊಂಡಿದೆ, ಮೀಸೆಯಲ್ಲಿ ಬೀಜ, ಕಪ್ಪು ಸಿಪ್ಪೆ ಒಂದು ಭುಜದ ಮೇಲೆ ಶಲ್ಯದ ಹಾಗೆ ಕೂತಿದೆ. ಅಷ್ಟರಲ್ಲಿ ಪಕ್ಕದ ಮನೆಯವರು ಪಟಾಕಿ ಶುರುವಾಯಿತು ಅಂದುಕೊಂಡು ಬೇಲಿಯಾಚೆಯಿಂದ ‘ಹ್ಯಾಪಿ ಫೋರ್ತ್’ ಅಂತ ಕೂಗಿದರು. ಅಪ್ಪ ಏನೂ ಕಾಣದಿದ್ದರೂ ಇಕ್ಕಳ ಹಿಡಿದ ಕೈಯನ್ನೇ ಮೇಲೆತ್ತಿ ‘ಸೇಮ್ ಟು ಯೂ’ ಅಂದರು! ಅಮ್ಮ ನಕ್ಕೂ ನಕ್ಕೂ ಮೆಟ್ಟಿಲ ಮೇಲೇ ಕೂತುಬಿಟ್ಟರು.

ಕನ್ನಡಕ ಇದ್ದದ್ದು ನಮ್ಮ ಪುಣ್ಯ ಅತ್ತೆ. ಕಣ್ಣಿಗೆ ಏನೂ ಆಗಲಿಲ್ಲ. ಮಣಿಕಟ್ಟಿನ ಹತ್ತಿರ ಒಂದು ರೂಪಾಯಿ ನಾಣ್ಯದಷ್ಟು ಕೆಂಪಾಗಿತ್ತು. ಅಮ್ಮ ಟೂತ್‌ಪೇಸ್ಟ್ ತಂದರು, ಬೇಡ ಅಂದೆ. ಸುಟ್ಟ ಜಾಗಕ್ಕೆ ಪೇಸ್ಟೂ ಬೇಡ, ಬೆಣ್ಣೆಯೂ ಬೇಡ, ಐಸೂ ಬೇಡ. ನಲ್ಲಿ ತಣ್ಣೀರಿನ ಕೆಳಗೆ 20 ನಿಮಿಷ ಕೈ ಹಿಡಿಸಿದೆ. ಆಮೇಲೆ ಸುಮ್ನೆ ಒಂದು ಒದ್ದೆ ಬಟ್ಟೆ, ನೀವು ನೋಡಿದ್ದು ಅದೇ.

ಬದನೆಕಾಯಿಯಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಜಾಸ್ತಿ ನೀರೇ ಇರುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಆ ಸಿಪ್ಪೆಯೊಳಗೆ ಎಲ್ಲಿ ಹೋಗಬೇಕು ಅದು? ಅಜ್ಜಿ ಕಡ್ಡಿಯಲ್ಲಿ ಚುಚ್ಚಿಯೇ ಕೆಂಡಕ್ಕೆ ಹಾಕುತ್ತಿದ್ದರು. ಆ ತೂತುಗಳಿಂದ ಸುಯ್ ಅಂತ ಆವಿ ಬರುತ್ತಿತ್ತು, ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ನೀವೂ ಗ್ಯಾಸ್ ಮೇಲೆ ಸುಡುವಾಗ ಚುಚ್ಚದೆ ಇಡಬೇಡಿ, ದಯವಿಟ್ಟು.

ಇನ್ನೊಂದು ಬದನೆಕಾಯಿ ಉಳಿದಿತ್ತಲ್ಲ, ಅದರ ಹತ್ತಿರ ಯಾರನ್ನೂ ಬಿಡಲಿಲ್ಲ. ಮತ್ತೆ ಮುಚ್ಚಳ ಹಾಕಿ, ಗಾಳಿ ಕಿಂಡಿ ಎರಡನ್ನೂ ಮುಚ್ಚಿ, ಕೆಂಡ ಪೂರ್ತಿ ಆರುವವರೆಗೆ ಕಾದೆವು. ರಾತ್ರಿ ಅದನ್ನೇ ಕಿವುಚಿ, ಮೊಸರು, ಈರುಳ್ಳಿ, ಹಸಿಮೆಣಸು, ಸಾಸಿವೆ ಇಂಗಿನ ಒಗ್ಗರಣೆ. ಅಪ್ಪ ಎರಡು ಸಲ ಬಡಿಸಿಕೊಂಡರು. ‘ಹೊಗೆ ವಾಸನೆ ಅಮ್ಮ ಮಾಡಿದ ಹಾಗೇ ಬಂದಿದೆ’ ಅಂದರು, ಆಮೇಲೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಈಗ ನೀವೇ ಹೇಳಬೇಕು ಅತ್ತೆ. ಅಜ್ಜಿ ಎಷ್ಟು ಕಡೆ ಚುಚ್ಚುತ್ತಿದ್ದರು? ಅಪ್ಪ ನಾಲ್ಕು ಅನ್ನುತ್ತಾರೆ, ಅಮ್ಮ ಆರೇಳು ಅನ್ನುತ್ತಾರೆ. ಶನಿವಾರ ಮತ್ತೆ ಸುಡುತ್ತಿದ್ದೇವೆ, ಅಷ್ಟರೊಳಗೆ ಒಂದು ವಾಯ್ಸ್ ಮೆಸೇಜ್ ಹಾಕಿ.