ಮಳೆ ಬರೋವರ್ಗೂ ಅಂತ ಕೊಟ್ಟ ಬೋರ್ ನೀರು, ಪೈಪು ಇನ್ನೂ ತೆಗೀತಿಲ್ಲ. ಮನಸ್ತಾಪ ಆಗ್ದೆ ಹೇಗೆ ಹೇಳೋದು?

ಸಂಪಿನ_ಮುಚ್ಚಳ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ನಮ್ದು ಬೆಂಗಳೂರು, ಆರ್.ಆರ್. ನಗರ ದಾಟಿ ಒಳಗಡೆ ಒಂದು ಲೇಔಟು. 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿ ಅಂತಾರಲ್ಲ ಅದ್ರಲ್ಲಿ ನಮ್ದೂ ಒಂದು, ಟ್ಯಾಕ್ಸ್ ಕಟ್ಟೋಕೆ ಸಿಟಿ, ನೀರಿಗೆ ಮಾತ್ರ ಹಳ್ಳಿ.

2024ರ ಮಾರ್ಚು ಎಲ್ರಿಗೂ ನೆನಪಿರುತ್ತೆ. ಪಕ್ಕದ್ಮನೆಯವರ ಬೋರು ಬತ್ತೋಯ್ತು. ಟ್ಯಾಂಕರ್‌ಗೆ ಡಿಸಿ ಆಫೀಸಿಂದ ರೇಟ್ ಫಿಕ್ಸ್ ಮಾಡಿದ್ರು, 5 ಕಿಲೋಮೀಟರ್ ಒಳಗಡೆ 6 ಸಾವಿರ ಲೀಟರಿಗೆ 600 ರೂಪಾಯಿ ಅಂತ, ಆದ್ರೆ ಆ ರೇಟಿಗೆ ನಮ್ ರೋಡಿಗೆ ಯಾರು ಬಂದ್ರು ಹೇಳಿ, ಟ್ಯಾಂಕರ್‌ನೋನು ಫೋನ್ ಎತ್ತಿದ್ರೇ ಪುಣ್ಯ ಅನ್ನೋ ಹಾಗಿತ್ತು. ಆಗ ಪಕ್ಕದ್ಮನೆ ಅಂಕಲ್ ಬಂದು "ಏನೂ ತಿಳ್ಕೋಬೇಡಮ್ಮ, ಮಳೆ ಬರೋವರ್ಗೂ ದಿನಾ ಒಂದರ್ಧ ಗಂಟೆ ನೀರು ಬಿಟ್ರೆ ಸಾಕು" ಅಂದ್ರು. ನಮ್ಮತ್ತೆ ಒಳಗಿಂದ್ಲೇ "ನೀರು ಕೇಳಿದವರಿಗೆ ಇಲ್ಲ ಅನ್ಬಾರ್ದು, ಬಿಡಿ" ಅಂದ್ಬಿಟ್ರು. ನಂಗೂ ಹಾಗೇ ಅನ್ಸಿದ್ದು, ಸುಳ್ಳು ಹೇಳಲ್ಲ. ಕಾಂಪೌಂಡ್ ಮೇಲೆ ಒಂದು ಹಸಿರು ಪೈಪು ಹತ್ತಿಸ್ಕೊಂಡ್ರು.

ಮಳೆ ಬಂತು. ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತನೂ ಉದ್ಘಾಟನೆ ಆಯ್ತು, ಒಂದಷ್ಟು ತಿಂಗಳಾದ್ಮೇಲೆ ನಮ್ ರೋಡಲ್ಲಿ ಅರ್ಜಿ ಹಾಕಿದವರಿಗೆಲ್ಲ ನೀರೂ ಬಂತು, ನಾವೂ ತಗೊಂಡ್ವಿ. ಅಂಕಲ್ ಮಾತ್ರ ತಗೊಂಡಿಲ್ಲ. ಕೇಳಿದ್ರೆ "ಆ ಚಾರ್ಜು ಈ ಚಾರ್ಜು ಅಂತ ತುಂಬಾ ಆಗುತ್ತಮ್ಮ, ಹೇಗೂ ನಿಮ್ ಬೋರ್ ಇದ್ಯಲ್ಲ" ಅಂತಾರೆ.

ಅರ್ಧ ಗಂಟೆ ಇದ್ದಿದ್ದು ಈಗ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಮುಂಚೆ ಕೇಳಿ ಹಾಕಿಸ್ಕೊಳ್ತಿದ್ರು, ಈಗ ಅವರೇ ನಮ್ ಗೇಟ್ ತೆಗ್ದು ಬಂದು ಸ್ಟಾರ್ಟರ್‌ನ ಹಸಿರು ಬಟನ್ ಒತ್ತಿ ಹೋಗ್ತಾರೆ, ಬೆಳಿಗ್ಗೆ ಐದೂವರೆಗೆ. ಗುಂಯ್ ಅಂತ ಶುರುವಾಗುತ್ತೆ, ಅದೇ ನಮ್ ಅಲಾರಾಂ. ಅವರ ಟ್ಯಾಂಕ್ ತುಂಬಿ ಗೋಡೆ ಮೇಲೆ ಧಾರೆ ಇಳೀತಿದ್ರೂ ಆಫ್ ಮಾಡೋಕೆ ಯಾರೂ ಬರಲ್ಲ, ನಾನೇ ನೈಟಿ ಮೇಲೆ ದುಪಟ್ಟಾ ಹಾಕ್ಕೊಂಡು ಓಡ್ಬೇಕು. ಭಾನುವಾರ ಅದೇ ಪೈಪಲ್ಲಿ ಕಾರ್ ತೊಳೀತಾರೆ. ನೀರಿಲ್ಲ ಅಂತ ಅತ್ತಿದ್ದ ಆ ವರ್ಷ ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5 ಸಾವಿರ ದಂಡ ಅಂತ ಜಲಮಂಡಳಿ ಹೇಳಿತ್ತು, ನಾನು ಎಷ್ಟು ವಸೂಲಿ ಮಾಡ್ಬೇಕೋ ಈಗ.

ಪೈಪಿನ ಜಾಯಿಂಟು ನಮ್ ತುಳಸಿ ಕಟ್ಟೆ ಪಕ್ಕಾನೇ ಬರುತ್ತೆ, ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದಾರೆ, ಅದು ತೊಟ ತೊಟ ಸೋರಿ ಸೋರಿ ಅಲ್ಲೆಲ್ಲ ಪಾಚಿ. ಹೋದ ತಿಂಗಳು ನನ್ ಮಗ ಸ್ಕೂಲ್ ಶೂಸಲ್ಲಿ ಜಾರಿ ಬಿದ್ದು ಮೊಣಕೈ ತರಚ್ಕೊಂಡ.

ಕರೆಂಟ್ ಕಥೆ ಕೇಳಿ. ನಮ್ದು ಒಂದೂವರೆ ಎಚ್‌ಪಿ ಮೋಟ್ರು, ಗಂಟೆಗೆ ಒಂದೂವರೆ ಯೂನಿಟ್ ಹತ್ತಿರ ಎಳ್ಯುತ್ತೆ, ಅಂದ್ರೆ ಅವ್ರ ಪಾಲೇ ತಿಂಗಳಿಗೆ 90 ಯೂನಿಟ್. ಗೃಹಜ್ಯೋತಿಲಿ 200 ದಾಟಿದ್ರೆ ಜಾಸ್ತಿ ಆಗಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಬೇಕಲ್ವಾ. ನವೆಂಬರಲ್ಲಿ 212 ಬಂತು, ಬಿಲ್ಲು 1,850ರ ಹತ್ತಿರ.

ನಾನು ಹೇಳೋಕೆ ಪ್ರಯತ್ನ ಪಟ್ಟಿಲ್ಲ ಅಂತಲ್ಲ. ಒಂದ್ಸಲ ಧೈರ್ಯ ಸಾಲ್ದೆ "ಮೋಟ್ರು ಸುಟ್ಟೋಗಿದೆ ಅಂಕಲ್" ಅಂದೆ. ಒಂದು ಗಂಟೆಲಿ ವೈಂಡಿಂಗ್ ಹುಡುಗನ್ನ ಸ್ಕೂಟರ್‌ನಲ್ಲಿ ಕೂರಿಸ್ಕೊಂಡು ಬಂದೇಬಿಟ್ರು. ಆ ಹುಡುಗ ಬಟನ್ ಒತ್ತಿದ, ಮೋಟ್ರು ಓಡ್ತು. ನನ್ ಮುಖ ಹೇಗಾಗಿರ್ಬೇಕು.

ಈಗ ಹೊಸದು ಶುರುವಾಗಿದೆ. "ಈ ಪೈಪು ನೋಡೋಕೆ ಅಸಹ್ಯ ಕಣಮ್ಮ, ಕಾಂಪೌಂಡ್ ಕೊರ್ದು ನೆಲದೊಳಗೇ ಲೈನ್ ಹಾಕ್ಸಿಬಿಡ್ತೀನಿ, ಖರ್ಚೆಲ್ಲ ನಂದೇ" ಅಂತ, ನಮಗೇ ಉಪಕಾರ ಮಾಡೋ ಥರ. ಸಂಕ್ರಾಂತಿ ಆದ್ಮೇಲೆ ಮೇಸ್ತ್ರಿ ಬರ್ತಾನಂತೆ.

ಕೆಟ್ಟ ಜನ ಅಲ್ಲ ಅವ್ರು, ಅದೇ ಕಷ್ಟ. ನಮ್ಮತ್ತೆಗೆ ಹುಷಾರಿಲ್ದಾಗ ರಾತ್ರಿ ಎರಡು ಗಂಟೆಗೆ ಅಂಕಲ್ಲೇ ಕಾರ್ ತೆಗ್ದಿದ್ದು, ಆಂಟಿ ಎಂಟು ದಿನ ಕ್ಯಾರಿಯರ್ ಕಳ್ಸಿದ್ರು. ನಮ್ಮನೆಯವರು "ಹೋಗ್ಲಿ ಬಿಡೇ" ಅಂತ ಪೇಪರ್ ಹಿಂದೆ ಮುಖ ಮುಚ್ಕೋತಾರೆ. ಮುಲಾಜೂ ಉಳೀಬೇಕು, ಪೈಪೂ ಹೋಗ್ಬೇಕು. ಹೇಗೆ?

---

ಹುಬ್ಬಳ್ಳಿ_ಮಂದಿ

ಅಕ್ಕಾರ, ಮೊದಲ ಆ ಸ್ಟಾರ್ಟರ್ ಡಬ್ಬಿಗೆ ಒಂದು ಕೀಲಿ ಜಡೀರಿ, ಉಳದದ್ದು ಆಮ್ಯಾಲೆ ಮಾತಾಡೋಣ.

ನಮ್ಮ ಕಡೆ ನೀರಿನ ಬ್ಯಾನಿ ಹೊಸದೇನಲ್ರಿ, ನಳಾ ಬಂದ ದಿನ ಆಫೀಸಿಗೆ ರಜಾ ಹಾಕಿ ಬ್ಯಾರಲ್ ತುಂಬಿದ ಮಂದಿ ನಾವು. ಹಂಗಾಗಿ ನೀರು ಕೊಟ್ಟಿದ್ದು ತಪ್ಪಂತ ನಾ ಅನ್ನಂಗಿಲ್ಲ. ನೀವು ತಪ್ಪು ಮಾಡಿದ್ದು ಮೋಟರ್ ಸುಟ್ಟೈತಿ ಅಂದದ್ದು. ಕಾರಣ ಕೊಟ್ರ ಎದುರಿನವರು ಆ ಕಾರಣಕ್ಕ ಔಷಧ ಹುಡುಕ್ತಾರ. ಮೋಟರ್ ಸುಟ್ಟೈತಿ ಅಂದ್ರ ವೈಂಡಿಂಗ್ ಹುಡುಗನ್ನ ಕರಕೊಂಡು ಬರ್ತಾರ, ಕರೆಂಟ್ ಬಿಲ್ ಅಂದ್ರ ಐನೂರು ರೂಪಾಯಿ ಕೈಯಾಗ ಇಡ್ತಾರ, ಪಾಚಿ ಅಂದ್ರ ಬ್ಲೀಚಿಂಗ್ ಪೌಡರ್ ತಂದು ತಿಕ್ಕಿ ಹೋಗ್ತಾರ. ಮತ್ತ ಪೈಪ್ ಅಲ್ಲೇ.

ಕಾರಣ ಬಿಡ್ರಿ, ತಾರೀಖು ಹೇಳ್ರಿ. "ಫೆಬ್ರವರಿ 28ಕ್ಕ ಪೈಪ್ ತಗೀತೀವಿ, ಅಷ್ಟರೊಳಗ ನಿಮ್ದು ವ್ಯವಸ್ಥಾ ಮಾಡ್ಕೋರಿ" ಅಂದ್ರ ಮುಗೀತು. ಯಾಕ ಅಂತ ಕೇಳಿದ್ರ "ನಮಗ ಆಗವಲ್ದು" ಅನ್ರಿ, ಅದರ ಮ್ಯಾಲೆ ಒಂದು ಮಾತೂ ಬ್ಯಾಡ. ನಮ್ಮ ಅಂಗಳದಾಗ ಒಬ್ಬರು ಮದುವಿ ಐತಿ ನಾಲ್ಕ ದಿನ ಅಂತ ಟಾಟಾ ಏಸ್ ನಿಲ್ಲಿಸಿದ್ರು, ಆ ಮದುವಿ ಹುಡುಗಿಗೆ ಕೂಸು ಹುಟ್ಟಿದ್ರೂ ಗಾಡಿ ತಗೀಲಿಲ್ಲ. ತಾರೀಖು ಹೇಳಿದ ಮ್ಯಾಲೆ ಹೋತು ನೋಡ್ರಿ.

---

ಕಪ್ಪುಕೋಟು_ಕಾಫಿ

ಕೋರ್ಟು ಕಚೇರಿ ವಿಷಯ ಅಲ್ಲ ಇದು, ನೋಟಿಸು ಗೀಟಿಸು ಅಂತ ಯಾರಾದ್ರೂ ಹೇಳಿದ್ರೆ ಕಿವಿಗೆ ಹಾಕ್ಕೋಬೇಡಿ. ಆದ್ರೆ ಆ ನೆಲದೊಳಗಿನ ಲೈನ್‌ಗೆ ಮಾತ್ರ ಯಾವ ಕಾರಣಕ್ಕೂ ಒಪ್ಕೋಬೇಡಿ, ಅದನ್ನ ಹೇಳೋಕೇ ಬಂದೆ.

ನೀವು ಕೊಟ್ಟಿರೋದು ಬರೀ ಅನುಮತಿ. 1882ರ ಈಸ್‌ಮೆಂಟ್ ಆಕ್ಟಲ್ಲಿ, ಅಂದ್ರೆ ಇನ್ನೊಬ್ಬರ ಜಾಗ ಉಪಯೋಗಿಸೋ ಹಕ್ಕಿನ ಕಾನೂನಲ್ಲಿ, ಇದಕ್ಕೆ ಲೈಸೆನ್ಸ್ ಅಂತಾರೆ (ಸೆಕ್ಷನ್ 52), ಡ್ರೈವಿಂಗ್ ಲೈಸೆನ್ಸ್ ಥರ ಕಾರ್ಡೇನೂ ಇರಲ್ಲ, "ಹೂಂ ತಗೊಳ್ಳಿ" ಅಂದಿದ್ದೇ ಲೈಸೆನ್ಸು. ಕೊಟ್ಟವರು ವಾಪಸ್ ತಗೋಬಹುದು. ಇಷ್ಟು ವರ್ಷ ಉಪಯೋಗಿಸಿದೀವಿ, ಹಕ್ಕು ಬಂತು ಅಂತ ವಾದ ಮಾಡೋರು ಹೇಳೋ 20 ವರ್ಷದ ಲೆಕ್ಕ ನಿಮ್ಮಂಥ ಕೇಸಿಗೆ ಬರಲ್ಲ, ಕೇಳಿ ಪಡೆದುಕೊಂಡು ಉಪಯೋಗಿಸೋದು ಹಕ್ಕಿನಿಂದ ಉಪಯೋಗಿಸಿದ ಹಾಗಲ್ಲ. ಆದ್ರೆ ಸೆಕ್ಷನ್ 60ರಲ್ಲಿ ಒಂದು ಕೊಕ್ಕೆ ಇದೆ. ಅನುಮತಿ ನಂಬ್ಕೊಂಡು ಅವ್ರು ತಮ್ಮ ಖರ್ಚಲ್ಲಿ ಶಾಶ್ವತವಾದ ಕೆಲಸ ಏನಾದ್ರೂ ಮಾಡಿಸಿದ್ರೆ ಆಮೇಲೆ ಅನುಮತಿ ವಾಪಸ್ ತಗೊಳ್ಳೋದು ಕಷ್ಟ. "ಖರ್ಚೆಲ್ಲ ನಂದೇ" ಅನ್ನೋ ಮಾತು ಕೇಳೋಕೆ ಸಿಹಿ, ಬಲೆ ಇರೋದೇ ಅಲ್ಲಿ. ನೆಲದೊಳಗಿನ ಲೈನ್ ಶಾಶ್ವತ ಹೌದೋ ಅಲ್ವೋ ಅಂತ ವಕೀಲರಿಗೆ ಫೀಸ್ ಕೊಟ್ಟು ತೀರ್ಮಾನ ಮಾಡಿಸ್ಕೊಳ್ಳೋದಕ್ಕಿಂತ ಮೇಸ್ತ್ರಿನ ಗೇಟಲ್ಲೇ ವಾಪಸ್ ಕಳ್ಸೋದು ಸುಲಭ.

ಬಾಯಲ್ಲಿ ಹೇಳಿದ್ಮೇಲೆ ಅದೇ ಸಂಜೆ ಆಂಟಿಗೋ ಅಂಕಲ್‌ಗೋ ಒಂದು ವಾಟ್ಸಾಪ್, "ಬೆಳಿಗ್ಗೆ ಮಾತಾಡಿದ ಹಾಗೆ 28ರವರೆಗೆ" ಅಂತ ಒಂದೇ ಸಾಲು. ಕೈಮುಗಿಯೋ ಇಮೋಜಿ ಹಾಕಿ ಬೇಕಾದ್ರೆ.

---

ಹಳೇ_ಅಗ್ರಹಾರ

ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೈಬೇಡಿ. ರಾತ್ರಿ ಎರಡು ಗಂಟೆಗೆ ಕಾರು ತೆಗೆಯೋ ನೆರೆಯವರು ಈ ಕಾಲದಲ್ಲಿ ಸಿಗಲ್ಲಮ್ಮ. ನನಗೆ 68 ವರ್ಷ, ಮಕ್ಕಳಿಬ್ರೂ ಹೊರಗಿದಾರೆ, ಪಕ್ಕದ್ಮನೆಯವರೇ ನನಗೆ ದಿಕ್ಕು. ನೀರು ಪೂರ್ತಿ ನಿಲ್ಲಿಸೋ ಬದ್ಲು ಒಂದು ಸಬ್ ಮೀಟರ್ ಹಾಕಿಸಿ, ಕರೆಂಟ್ ದುಡ್ಡು ಅವರ ಹತ್ರ ಇಸ್ಕೊಳ್ಳಿ. ಅವರಿಗೂ ಮರ್ಯಾದೆ, ನಿಮಗೂ ನಷ್ಟ ಇಲ್ಲ.

---

ಬಾವಿಕಟ್ಟೆ

ಹಳೇ ಅಗ್ರಹಾರದವರು ಹೇಳಿದ್ದರಲ್ಲಿ ನೆರೆಕರೆ ಬೇಕು ಎನ್ನುವುದು ನೂರಕ್ಕೆ ನೂರು ಸತ್ಯ. ಆದ್ರೆ ದುಡ್ಡು ತಗೊಂಡ್ರೆ ಅದು ವ್ಯಾಪಾರ ಆಯ್ತಲ್ಲ ಮಾರಾಯ್ರೆ. ಮತ್ತೆ ನಾಳೆ ಬೋರಿನಲ್ಲಿ ನೀರು ಕಮ್ಮಿ ಆದ್ರೆ "ನಾವು ದುಡ್ಡು ಕೊಡುವುದಿಲ್ವಾ" ಅಂತ ಅವರೇ ಜೋರು ಮಾಡ್ತಾರೆ.

ನಮ್ಮ ಊರಿನಲ್ಲಿ, ಮಂಗಳೂರು ಬದಿ, ಏಪ್ರಿಲ್ ಮೇಯಲ್ಲಿ ಆಚೆಮನೆಯವರ ಬಾವಿ ಆರಿದ್ರೆ ನಮ್ಮ ಬಾವಿಗೆ ಬರ್ತಾರೆ. ನನ್ನ ಅಜ್ಜಿ ಕಾಲದಿಂದಲೂ ಉಂಟು, ಒಮ್ಮೆಯೂ ಜಗಳ ಆದದ್ದಿಲ್ಲ. ಯಾಕೆ ಅಂತ ನಾನು ಯೋಚನೆ ಮಾಡಿದ್ದೇನೆ. ಬಾವಿಯಿಂದ ಸೇದುವಾಗ ಅವರದ್ದೇ ಕೈ ನೋಯ್ತದೆ, ಅವರೇ ಕೊಡಪಾನ ಹೊತ್ತುಕೊಂಡು ಹೋಗ್ಬೇಕು, ಹತ್ತು ಕೊಡ ಆಗುವಾಗ ಸಾಕು ಅಂತ ಆಗ್ತದೆ. ಮತ್ತೆ ಬಾವಿಕಟ್ಟೆಗೆ ಬಂದವರು ಅಂಗಳದಲ್ಲಿ ನಿಂತು "ಅಕ್ಕಾ" ಅಂತ ಕರೆದೇ ಕರೀತಾರೆ. ಪೈಪಿಗೆ ಅದು ಯಾವುದೂ ಇಲ್ಲ ನೋಡಿ, ಸ್ವಿಚ್ಚು ಒತ್ತಿದ್ರೆ ಆಯ್ತು. ನಿಮ್ಮ ಅಂಕಲ್ ಹಾಳು ಜನ ಅಂತ ಅಲ್ಲ, ಆ ಪೈಪು ಅವರನ್ನು ಹಾಳು ಮಾಡಿದ್ದು.

ಹಾಗಾಗಿ ಪೈಪು ತೆಗೀರಿ, ನೀರು ಇಲ್ಲ ಅನ್ಬೇಡಿ. "ಕಷ್ಟಕ್ಕೆ ಬಂದ್ರೆ ನಾಲ್ಕು ಬಕೆಟ್ ಯಾವಾಗ ಬೇಕಾದ್ರೂ ತುಂಬಿಸಿಕೊಂಡು ಹೋಗಿ" ಅಂತ ಹೇಳಿ. ಯಾರೂ ಬಕೆಟ್ ಹೊತ್ತುಕೊಂಡು ಕಾರು ತೊಳೆಯುದಿಲ್ಲ.

---

ಸಂಪಿನ_ಮುಚ್ಚಳ

ಎಲ್ರಿಗೂ ಥ್ಯಾಂಕ್ಸ್. ಬಾವಿಕಟ್ಟೆಯವ್ರ ಮಾತು ನಮ್ಮತ್ತೆಗೆ ಓದಿ ಹೇಳ್ದೆ, ಮೊದಲ್ನೇ ಸಲ ತಲೆ ಆಡಿಸಿದ್ರು.

ಆದ್ರೆ ಒಂದು ಹೊಸ ವಿಷಯ ಗೊತ್ತಾಯ್ತು, ಕೈ ನಡುಗ್ತಿದೆ ಟೈಪ್ ಮಾಡೋವಾಗ. ಅವ್ರ ಮೇಲಿನ ಎರಡು ಮನೆ ಬಾಡಿಗೆಗೆ ಕೊಟ್ಟಿದಾರೆ. ಇವತ್ತು ಸೊಪ್ಪಿನ ಗಾಡಿ ಹತ್ರ ಅಲ್ಲಿರೋ ಹುಡುಗಿ ಸಿಕ್ಕಿದ್ಲು, ಬಾಡಿಗೆ ಜಾಸ್ತಿ ಅಂತ ಗೊಣಗ್ತಾ "ಅದ್ರ ಮೇಲೆ ನೀರಿಗೇ 600 ತಗೋತಾರೆ ಅಕ್ಕ" ಅಂದ್ಲು. ಎರಡು ಮನೆಗೆ 1,200. ನನ್ ಬೋರು, ನನ್ ಕರೆಂಟು, ನಾನು ಎದ್ದೋಗಿ ಆಫ್ ಮಾಡೋ ಮೋಟ್ರು! ಕೊತ್ತಂಬರಿ ಕಟ್ಟು ಅಲ್ಲೇ ಬಿಟ್ಟು ಬಂದಿದೀನಿ. ಈಗ್ಲೇ ಹೋಗಿ ಕೇಳ್ಬಿಡ್ಲಾ?

---

ಹುಬ್ಬಳ್ಳಿ_ಮಂದಿ

ಬ್ಯಾಡ್ರಿ ಅಕ್ಕಾರ! ಈಗ ಹೋದ್ರ ಮಾತು ಪೈಪ್ ಬಿಟ್ಟು 1,200ಕ್ಕ ಹೋಗ್ತದ, ಯಾರು ಹೇಳಿದ್ರು ಅಂತಾರ, ಆ ಹುಡುಗಿ ಮನಿ ಖಾಲಿ ಮಾಡಬೇಕಾಗ್ತದ. ಹೊಟ್ಟ್ಯಾಗ ಹಾಕ್ಕೊಂಡು ತಾರೀಖು ಅಷ್ಟ ಹೇಳ್ರಿ. ಮತ್ತ ಎಳ್ಳು ಬೆಲ್ಲದ ದಿನ ಮಾತ್ರ ಹೋಗಬ್ಯಾಡ್ರಿ, ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡ್ರಿ ಅಂತ ಕೈಯಾಗ ಕೊಟ್ಟು ಬಾಯಾಗ ಪೈಪ್ ತಗೀರಿ ಅಂದ್ರ ಚಂದ ಅನಸಂಗಿಲ್ಲ.

---

ಹಳೇ_ಅಗ್ರಹಾರ

ಬಾಡಿಗೆಯವರ ಹತ್ರ ದುಡ್ಡು ತಗೋತಿದಾರೆ ಅಂದ್ರೆ ನನ್ನ ಸಬ್ ಮೀಟರ್ ಮಾತು ವಾಪಸ್ ತಗೊಂಡೆ. ಮೊದಲು ಬೀಗ ಹಾಕಿಸಿ. ಆಮೇಲೆ, ಒಟ್ಟಿಗೇ ಚಾರ್ಜು ಕಟ್ಟೋಕಾಗಲ್ಲ ಅಂತ ನೆಪ ಹೇಳಿದ್ರೆ ಕಂತಲ್ಲಿ ಕಟ್ಟೋಕೆ ಜಲಮಂಡಳಿಲಿ ಸರಳ ಕಾವೇರಿ ಅಂತ ಇದೆ, ವಿಚಾರಿಸೋಕೆ ಹೇಳಿ. ದಾರಿ ತೋರಿಸಿ ಬಾಗಿಲು ಹಾಕೋದು ಬೇರೆ, ಸುಮ್ನೆ ಹಾಕೋದು ಬೇರೆ.

---

ಸಂಪಿನ_ಮುಚ್ಚಳ

ಏನಾಯ್ತು ಅಂತ ಅಪ್ಡೇಟ್ ಕೊಡೋಕೆ ಬಂದೆ.

ಸಂಕ್ರಾಂತಿ ದಿನ ಸುಮ್ನೆ ಎಳ್ಳು ಬೆಲ್ಲ, ಕಬ್ಬು ಕೊಟ್ಟು ಬಂದೆ. ಭಾನುವಾರ ನಾನು ನಮ್ಮನೆಯವರು ಇಬ್ರೂ ಹೋದ್ವಿ, ಇವರು ಬರಲ್ಲ ಅಂತಿದ್ರು, ಎಳ್ಕೊಂಡೇ ಹೋದೆ. ಕಾಫಿ ಬರೋಕ್ ಮುಂಚೆ ಹೇಳ್ಬೇಕು ಅಂತ ಮೊದ್ಲೇ ತೀರ್ಮಾನ ಮಾಡಿದ್ದೆ, ಕಾಫಿ ಕುಡಿದ್ಮೇಲೆ ನನ್ ಬಾಯಿ ಏಳಲ್ಲ. "ಅಂಕಲ್, ಮೇಸ್ತ್ರಿಗೆ ಬೇಡ ಅಂದ್ಬಿಡಿ, ಲೈನ್ ಹಾಕ್ಸೋದು ಬೇಡ. ಫೆಬ್ರವರಿ 28ಕ್ಕೆ ಈ ಪೈಪೂ ತೆಗೀತೀವಿ, ಅಲ್ಲೀವರ್ಗೂ ಬೆಳಿಗ್ಗೆ ಏಳಕ್ಕೆ ಅರ್ಧ ಗಂಟೆ ನಾವೇ ಹಾಕ್ತೀವಿ" ಅಂದೆ. ಒಂದೇ ಉಸಿರಲ್ಲಿ.

ಅಂಕಲ್ "ಯಾಕಮ್ಮ, ಏನಾಯ್ತು?" ಅಂದ್ರು. ನಮ್ಮನೆಯವರು "ಅದೂ... ಮೋಟ್ರು..." ಅಂತ ಬಾಯಿ ತೆಗೆದ್ರು ನೋಡಿ, ಕಾಲು ತುಳಿದೆ. "ನಮಗೆ ಆಗ್ತಿಲ್ಲ ಅಂಕಲ್" ಅಷ್ಟೇ ಅಂದೆ. ಆಮೇಲೆ ಯಾರೂ ಮಾತಾಡ್ಲಿಲ್ಲ, ಫ್ಯಾನ್ ಸದ್ದು ಮಾತ್ರ. ನನ್ ನಾಲಿಗೆ ತುದಿಲಿ 1,200 ಅಂತ ಕುಣೀತಿತ್ತು, ನುಂಗ್ಕೊಂಡೆ. ಅಷ್ಟರಲ್ಲಿ ಆಂಟಿ ಅಡುಗೆಮನೆಯಿಂದ ಲೋಟ ಹಿಡ್ಕೊಂಡು ಬಂದು "ನಾನು ಒಂದ್ವರ್ಷದಿಂದ ಬಡ್ಕೋತಿದೀನಿ ಕಾವೇರಿ ತಗೊಳ್ಳಿ ಅಂತ, ನನ್ ಮಾತು ಎಲ್ಲಿ ಕೇಳ್ತಾರೆ" ಅಂದ್ಬಿಟ್ರು ಅಂಕಲ್ ಮುಖ ನೋಡ್ಕೊಂಡು. ಕಾಫಿ ಕುಡಿದ್ವಿ, ಸಕ್ಕರೆ ಮರೆತಿದ್ರು, ನಾವೂ ಹೇಳ್ಲಿಲ್ಲ.

ಕಷ್ಟ ಅಂದ್ರೆ ಬಕೆಟ್ ತುಂಬಿಸ್ಕೊಳ್ಳಿ ಅಂತಾನೂ ಹೇಳಿ ಬಂದೆ. ವಾಟ್ಸಾಪ್ ಹಾಕಿದೀನಿ, ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ. ನಾಲ್ಕು ದಿನ ಅಂಕಲ್ ಮುಖ ತಿರುಗಿಸ್ಕೊಂಡೇ ವಾಕಿಂಗ್ ಹೋದ್ರು. ಆಂಟಿ ಮಾತ್ರ ಕಾಂಪೌಂಡ್ ಹತ್ರ ಬಂದು ಅರ್ಜಿಗೆ ಖಾತಾ ಜೆರಾಕ್ಸ್ ಜೊತೆ ಇನ್ನೇನು ಕೊಟ್ರಿ ಅಂತ ಕೇಳಿದ್ರು, ಹೇಳ್ಕೊಟ್ಟೆ.

ಸ್ಟಾರ್ಟರ್ ಡಬ್ಬಿಗೆ ಬೀಗ ಹಾಕಿದೀನಿ, ಕೀಲಿ ದೇವರ ಮನೆ ಮೊಳೆಲಿ. ನಿನ್ನೆ ಅಭ್ಯಾಸ ಬಲದಿಂದ ಐದೂವರೆಗೆ ಎಚ್ಚರ ಆಯ್ತು. ಗೇಟ್ ಕಿರ್ ಅಂತು, ಹೆಜ್ಜೆ ಸದ್ದು ಸ್ಟಾರ್ಟರ್ ಹತ್ರ ನಿಂತ್ಕೊಳ್ತು, ಸ್ವಲ್ಪ ಹೊತ್ತಾದ್ಮೇಲೆ ವಾಪಸ್ ಹೋಯ್ತು. ನಾನು ಉಸಿರು ಬಿಗಿ ಹಿಡ್ಕೊಂಡು ಮಲಗಿದ್ದೆ, ಕಳ್ಳಿ ಥರ. ಏಳು ಗಂಟೆಗೆ ಕಾಲಿಂಗ್ ಬೆಲ್ ಆಯ್ತು. ಅಂಕಲ್. "ಮೋಟ್ರು ಹಾಕ್ತೀಯೇನಮ್ಮ" ಅಂದ್ರು. ಅವ್ರು ನಮ್ಮನೆ ಬೆಲ್ ಒತ್ತಿ ಎಷ್ಟು ಕಾಲ ಆಗಿತ್ತೋ.